ಪೊಲೆಂಟಾ ಕುಕ್ಕರ್‌ನಲ್ಲಿ ಆಗುತ್ತಾ? ಓದುಗರು ಕೇಳಿದ್ದಾರೆ

ಪ್ರಶ್ನೆ: ಮಗಳು ಇಟಲಿಯ ಮಿಲಾನ್‌ನಲ್ಲಿದ್ದಾಳೆ. ಅವಳ ಮನೆಗೆ ಹೋದಾಗ ಚೀಸ್ ಹಾಕಿದ ಪೊಲೆಂಟಾ (ಮೆಕ್ಕೆಜೋಳದ ರವೆಯ ಗಂಜಿ) ತಿಂದೆ, ಬೆಣ್ಣೆಯ ಹಾಗಿತ್ತು. ಇಲ್ಲಿ ಮಾಡೋಣ ಅಂದರೆ ಮುಕ್ಕಾಲು ಗಂಟೆ ಕೈ ಬಿಡದೆ ತಿರುವಬೇಕಂತೆ. ನನಗೆ ಭುಜದ ನೋವು ಬೇರೆ. ಕುಕ್ಕರ್‌ನಲ್ಲಿ ಆಗುವುದಿಲ್ಲವಾ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ಧಾರಾಳವಾಗಿ ಆಗುತ್ತದೆ. ಆದರೆ ರವೆಯನ್ನು ನೇರವಾಗಿ ಕುಕ್ಕರ್‌ಗೆ ಸುರಿಯಬೇಡಿ. ಮೊದಲ ಸಲ ನಾನು ಹಾಗೇ ಮಾಡಿದ್ದೆ. ಎರಡನೇ ಕೂಗಿನ ಹೊತ್ತಿಗೆ ಸೀದ ವಾಸನೆ. ಮುಚ್ಚಳ ತೆಗೆದರೆ ಮೇಲೆ ತೆಳ್ಳಗಿನ ಹಳದಿ ನೀರು, ತಳದಲ್ಲಿ ಬೆರಳು ದಪ್ಪದ ಕರಿ ರೊಟ್ಟಿ! ಎರಡು ದಿನ ನೆನೆಹಾಕಿ ಕೆರೆದೆ. ತಳ ಹಿಡಿದಿದ್ದಾದರೂ ಪರವಾಗಿಲ್ಲ, ಇಂಥ ಗಂಜಿ ಉಕ್ಕಿ ವೆಯ್ಟ್ ಕೂರುವ ಕೊಳವೆಗೆ ಸಿಕ್ಕಿಕೊಂಡರೆ ಆವಿ ಹೋಗಲು ದಾರಿಯೇ ಇರುವುದಿಲ್ಲ, ಅದು ನಿಜವಾಗಿ ಅಪಾಯ.

ಅನ್ನಕ್ಕೆ ಒಳಗೊಂದು ಪಾತ್ರೆ ಇಡುತ್ತೀರಲ್ಲ, ಹಾಗೆ ಮಾಡಿ. 5 ಲೀಟರ್ ಕುಕ್ಕರ್, ಒಳಗೆ 2 ಲೀಟರ್ ಹಿಡಿಯುವ ಪಾತ್ರೆ. ಒಂದು ಲೋಟ ಮೆಕ್ಕೆಜೋಳದ ರವೆಗೆ ನಾಲ್ಕು ಲೋಟ ನೀರು. ಪಾತ್ರೆ ಅರ್ಧಕ್ಕಿಂತ ಜಾಸ್ತಿ ತುಂಬಬಾರದು. ಆ ಪಾತ್ರೆಯನ್ನೇ ಒಲೆ ಮೇಲಿಟ್ಟು ನೀರು ಕುದಿಸಿ, ಅರ್ಧ ಚಮಚ ಉಪ್ಪು ಹಾಕಿ (ಚೀಸ್‌ನಲ್ಲಿ ಉಪ್ಪಿದೆ, ಮರೆಯಬೇಡಿ), ಉಪ್ಪಿಟ್ಟಿಗೆ ಮಾಡುವ ಹಾಗೆ ಒಂದು ಕೈಯಲ್ಲಿ ರವೆ ಉದುರಿಸುತ್ತಾ ಇನ್ನೊಂದು ಕೈಯಲ್ಲಿ ತಿರುವಿ. ಆಮೇಲೆ ತಕ್ಷಣ ಕುಕ್ಕರ್‌ಗೆ ಇಳಿಸುವ ಆತುರ ಬೇಡ. ಮೂರು ನಾಲ್ಕು ನಿಮಿಷ ಹಾಗೇ ತಿರುವಿ. ಶುರುವಿನಲ್ಲಿ ರವೆ ತಳಕ್ಕೆ ಕೂರುತ್ತಲೇ ಇರುತ್ತದೆ, ಒಂದು ಹಂತದಲ್ಲಿ ಸೌಟು ಸ್ವಲ್ಪ ಭಾರ ಅನಿಸುತ್ತದೆ, ತಿರುವುವುದು ನಿಲ್ಲಿಸಿದರೂ ರವೆ ಕೆಳಗಿಳಿಯದೆ ನೀರಿನಲ್ಲೇ ನಿಲ್ಲುತ್ತದೆ. ನಿಮ್ಮ ಭುಜಕ್ಕೆ ಇರುವ ಕೆಲಸ ಅಷ್ಟೇ. ಹೀಗೆ ತಿರುವದೆ ಇಳಿಸಿದರೆ ರವೆಯೆಲ್ಲ ತಳದಲ್ಲಿ ಇಡ್ಲಿಯಂತೆ ಗಟ್ಟಿಯಾಗಿ ಕೂರುತ್ತದೆ.

ಕುಕ್ಕರ್ ತಳಕ್ಕೆ ಎರಡು ಲೋಟ ನೀರು, ಸ್ಟ್ಯಾಂಡ್, ಅದರ ಮೇಲೆ ಪಾತ್ರೆ, ಪಾತ್ರೆಗೊಂದು ತಟ್ಟೆ ಮುಚ್ಚಿ. ಒಂದು ಕೂಗು ಬಂದ ಮೇಲೆ ಉರಿ ಸಣ್ಣ ಮಾಡಿ 15 ನಿಮಿಷ ಬಿಡಿ. ಪ್ರೆಶರ್ ತಾನಾಗೇ ಇಳಿಯಲಿ. ವೆಯ್ಟ್ ಎತ್ತಿ ಬುಸ್ ಅನಿಸಿ ಇಳಿಸುವುದು ಇದಕ್ಕೆ ಬೇಡವೇ ಬೇಡ, ಒಳಗಿರುವುದು ಉಕ್ಕಿ ಮೈಮೇಲೆ ಹಾರುತ್ತದೆ, ಹಾರಿದ್ದು ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ.

ತೆಗೆದಾಗ ನೋಡಿ ಬೇಜಾರಾಗಬೇಡಿ. ಮೇಲೆ ಒಂಚೂರು ನೀರು, ಕೆಳಗೆ ಗಟ್ಟಿ. ಕಡಗೋಲು ತಗೊಂಡು ಎರಡು ನಿಮಿಷ ಮಜ್ಜಿಗೆ ಕಡೆದ ಹಾಗೆ ಕಡೆಯಿರಿ, ಎಲ್ಲ ಒಂದಾಗುತ್ತದೆ. ಈಗ ಅರ್ಧ ಲೋಟ ಬಿಸಿ ಹಾಲು, ಎರಡು ಚಮಚ ಬೆಣ್ಣೆ, ಕೊನೆಗೆ ಮುಕ್ಕಾಲು ಲೋಟ ತುರಿದ ಚೀಸ್. ಹಾಲನ್ನು ಮೊದಲೇ ಹಾಕಿದರೆ ಕುಕ್ಕರ್ ಒಳಗೆ ಉಕ್ಕಿ ಎಲ್ಲ ಕಡೆ ಅಂಟುತ್ತದೆ. ಬೇಯಿಸುವುದು ಕುಕ್ಕರ್ ಕೆಲಸ, ಕ್ರೀಮಿನ ಹಾಗೆ ಮಾಡುವುದು ಕೈ ಕೆಲಸ, ಎರಡನ್ನೂ ಒಟ್ಟಿಗೆ ಮಾಡಲು ಹೋದರೇ ಕೆಡುವುದು.

ಮುಕ್ಕಾಲು ಗಂಟೆ 15 ನಿಮಿಷಕ್ಕೆ ಹೇಗೆ ಇಳಿಯಿತು ಅಂತೀರಾ? ತೆರೆದ ಪಾತ್ರೆಯಲ್ಲಿ ನೀರಿನ ಬಿಸಿ 100 ಡಿಗ್ರಿ ದಾಟುವುದಿಲ್ಲ, ಕುಕ್ಕರ್‌ನಲ್ಲಿ ಸುಮಾರು 120 ಮುಟ್ಟುತ್ತದೆ. ಅಲ್ಲಿನವರು ಪಾಯೊಲೊ ಎಂಬ ತಾಮ್ರದ ಹಂಡೆಯಲ್ಲಿ ಕೋಲು ಹಿಡಿದು ತಿರುವುತ್ತಾ ನಿಲ್ಲುವುದು ಮುಖ್ಯವಾಗಿ ತಳ ಹಿಡಿಯದಿರಲಿ ಅಂತ. ನಮ್ಮ ಒಳಪಾತ್ರೆಗೆ ಉರಿಯೇ ತಾಗುವುದಿಲ್ಲವಲ್ಲ, ಮತ್ತೆ ಯಾಕೆ ತಿರುವಬೇಕು?

ಪ್ರಶ್ನೆ: ಕಾರ್ನ್‌ಫ್ಲೋರ್ ಹಾಕಿ ಮಾಡಿದೆ. ಗೋಡೆಗೆ ಪೋಸ್ಟರ್ ಅಂಟಿಸುವ ಗೋಂದು ಆಯಿತು. ಎಲ್ಲಿ ತಪ್ಪಿದೆ?
– ಒಬ್ಬ ಓದುಗರು, ಮೈಸೂರು

ಉತ್ತರ: ಅಂಗಡಿಯಲ್ಲೇ ತಪ್ಪಿದ್ದೀರಿ! ನಮ್ಮಲ್ಲಿ ಕಾರ್ನ್‌ಫ್ಲೋರ್ ಅಂತ ಮಾರುವ ಬಿಳಿ ಪುಡಿ ಬರೀ ಪಿಷ್ಟ, ಗೋಬಿ ಮಂಚೂರಿಗೆ ಹಾಕುವುದು. ಹಳದಿ ಮೆಕ್ಕೆಜೋಳದ ಹಿಟ್ಟು ಸಿಗುತ್ತದೆ, ಅದು ರೊಟ್ಟಿಗೆ ಸರಿ, ಇದಕ್ಕೆ ತುಂಬಾ ನುಣ್ಣಗಾಯಿತು. ಬೇಕಿರುವುದು ರವೆ, ಬನ್ಸಿ ರವೆಯಷ್ಟು ದಪ್ಪ. ಸಿಗದಿದ್ದರೆ ಒಣಗಿದ ಕಾಳನ್ನು ಗಿರಣಿಗೆ ಕೊಟ್ಟು ತರಿತರಿಯಾಗಿ ಬೀಸಿಸಿ, ಜರಡಿ ಹಿಡಿದು ಹಿಟ್ಟು ಬೇರೆ ಮಾಡಿಕೊಳ್ಳಿ. ಮೇಲೆ ಪತ್ರ ಬರೆದ ದಾವಣಗೆರೆಯವರಿಗೆ ಈ ಕಷ್ಟವೇ ಇಲ್ಲ, ಸುತ್ತ ಎಲ್ಲಿ ನೋಡಿದರೂ ಮೆಕ್ಕೆಜೋಳದ ಹೊಲ. ಅಷ್ಟು ಬೆಳೆದರೂ ದೊಡ್ಡ ಪಾಲು ಕೋಳಿ ಆಹಾರಕ್ಕೆ ಹೋಗುತ್ತದೆ, ನಮ್ಮ ಒಲೆಗೆ ಬರುವುದು ಕಡಿಮೆ, ಅಲ್ವಾ?

ಪ್ರಶ್ನೆ: ನಾವು ಸಸ್ಯಾಹಾರಿಗಳು. ಪಾರ್ಮೆಸಾನ್ ಚೀಸ್ ಹಾಕಬಹುದಾ? ಇನ್ನೊಂದು, ನಾನು ಹಾಕಿದ ಚೀಸ್ ಎಣ್ಣೆ ಬಿಟ್ಟು ರಬ್ಬರ್ ಉಂಡೆಯಾಯಿತು.
– ಒಬ್ಬ ಓದುಗರು, ಶಿರಸಿ

ಉತ್ತರ: ಇಟಲಿಯ ಅಸಲಿ ಪಾರ್ಮಿಜಾನೊ ರೆಜಾನೊಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ಅಲ್ಲಿನ ನಿಯಮವೇ ಹಾಗೆ. ಹಾಗಾಗಿ ನಿಮಗೆ ಬೇಡ. ಹಸಿರು ಚುಕ್ಕೆ ನೋಡಿ ತಗೊಳ್ಳಿ. ನಾನಂತೂ ಅಮುಲ್ ಚೀಸ್ ಕ್ಯೂಬ್ ನಾಲ್ಕೈದು ತುರಿದು ಹಾಕುತ್ತೇನೆ. ಇಟಲಿಯವರು ಕೇಳಿದರೆ ಮೂಗು ಮುರಿದಾರು, ಮುರಿಯಲಿ. ಪ್ರೊಸೆಸ್ಡ್ ಚೀಸ್‌ನಲ್ಲಿ ಕೊಬ್ಬು ಬೇರೆಯಾಗದಂತೆ ಹಿಡಿದಿಡುವ ಲವಣಗಳಿರುತ್ತವೆ, ಅದಕ್ಕೇ ಅದು ಸುಲಭವಾಗಿ ಕರಗಿ ಬೆರೆಯುತ್ತದೆ. ನಿಮ್ಮದು ಎಣ್ಣೆ ಬಿಟ್ಟಿದ್ದು ಕುದಿಯುವಾಗ ಹಾಕಿದ್ದಕ್ಕೆ. ಒಲೆ ಆರಿಸಿ, ಎರಡು ನಿಮಿಷ ಬಿಟ್ಟು, ಮೂರು ಸಲ ಸ್ವಲ್ಪ ಸ್ವಲ್ಪವೇ ಹಾಕಿ. ಪಿಜ್ಜಾಗೆ ಹಾಕುವ ಮೊಜರೆಲ್ಲಾ ಮಾತ್ರ ಬೇಡ, ದಾರ ದಾರ ಎಳೆಯುತ್ತದೆ. ಉತ್ತರ ಇಟಲಿಯ ಆವೋಸ್ತಾ ಕಣಿವೆಯ ಕಡೆ ಫೊಂಟೀನಾ ಎಂಬ ಚೀಸನ್ನೂ ಬೆಣ್ಣೆಯನ್ನೂ ಧಾರಾಳವಾಗಿ ಹಾಕಿ ಪೊಲೆಂಟಾ ಕೊಂಚಾ ಮಾಡುತ್ತಾರೆ. ನಿಮ್ಮ ಮಿಲಾನ್ ಮಗಳು... ಅಯ್ಯೋ, ಅದು ದಾವಣಗೆರೆಯವರ ಮಗಳು. ಇರಲಿ, ಅವಳು ಬಡಿಸಿದ್ದೂ ಇದೇ ಜಾತಿಯದ್ದಿರಬೇಕು.

ಪ್ರಶ್ನೆ: ಬರೀ ಮೆಕ್ಕೆಜೋಳ ತಿಂದರೆ ಚರ್ಮದ ಕಾಯಿಲೆ ಬರುತ್ತದಂತೆ, ನಿಜವಾ?
– ಒಬ್ಬ ಓದುಗರು, ಗದಗ

ಉತ್ತರ: ಬರೀ ಅದನ್ನೇ ತಿಂದರೆ ನಿಜ. 18 ಮತ್ತು 19ನೇ ಶತಮಾನದಲ್ಲಿ ಉತ್ತರ ಇಟಲಿಯ ಬಡ ರೈತರಿಗೆ ಮೂರು ಹೊತ್ತೂ ಪೊಲೆಂಟಾನೇ ಗತಿ, ಹಾಲು ಚೀಸ್ ಎಲ್ಲಿಂದ ಬರಬೇಕು? ಚರ್ಮ ಒರಟಾಗಿ ಸುಲಿಯುತ್ತಿತ್ತು, ಭೇದಿ, ಬುದ್ಧಿಭ್ರಮೆ, ಕೊನೆಗೆ ಸಾವು. ಆ ರೋಗದ ಹೆಸರು ಪೆಲ್ಲಾಗ್ರಾ. ಮೆಕ್ಕೆಜೋಳದಲ್ಲಿರುವ ನಯಾಸಿನ್ ಎಂಬ ವಿಟಮಿನ್ ಮೈಗೆ ಸಿಗದ ಹಾಗೆ ಅಂಟಿಕೊಂಡಿರುತ್ತದೆ. ಮೆಕ್ಸಿಕೊದವರು ಹಿಂದಿನಿಂದಲೂ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸುತ್ತಿದ್ದರು, ಅದರಿಂದ ಅದು ಬಿಡುಗಡೆಯಾಗುತ್ತದೆ. ಬೆಳೆ ಯುರೋಪಿಗೆ ಬಂತು, ಸುಣ್ಣದ ಗುಟ್ಟು ಬರಲಿಲ್ಲ. ವಾರಕ್ಕೊಮ್ಮೆ ಹಾಲು ಚೀಸ್ ಹಾಕಿ ತಿನ್ನುವ ನೀವು ಸುಮ್ನೆ ಹೆದರಬೇಡಿ.

ಪ್ರಶ್ನೆ: ರಾತ್ರಿ ಉಳಿದದ್ದು ಬೆಳಗ್ಗೆ ಕಲ್ಲಾಗಿತ್ತು. ಎಸೆಯುವುದಾ?
– ಒಬ್ಬ ಓದುಗರು, ಬೆಂಗಳೂರು

ಉತ್ತರ: ಎಸೆಯಬೇಡಿ! ತಣ್ಣಗಾದರೆ ಗಟ್ಟಿಯಾಗುವುದೇ ಅದರ ಗುಣ. ರಾತ್ರಿಯೇ ಎಣ್ಣೆ ಸವರಿದ ತಟ್ಟೆಗೆ ಸುರಿದು ಫ್ರಿಜ್‌ನಲ್ಲಿಡಿ, ಬೆಳಗ್ಗೆ ಬರ್ಫಿಯ ಹಾಗೆ ಕತ್ತರಿಸಿ ಕಾವಲಿಯ ಮೇಲೆ ಬೆಣ್ಣೆ ಹಾಕಿ ಕಾಯಿಸಿ. ಚೀಸ್ ಇರುವುದರಿಂದ ಮೊದಲು ಅಂಟುತ್ತದೆ. ಕೆರೆಯಲು ಹೋಗಬೇಡಿ, ಐದು ನಿಮಿಷ ಮುಟ್ಟದೆ ಬಿಟ್ಟರೆ ಕೆಂಪಗೆ ಗರಿಯಾಗಿ ತಾನೇ ಬಿಟ್ಟುಕೊಳ್ಳುತ್ತದೆ.