ಪ್ರಧಾನ ದೂತರು ಮೂವರಾ, ಏಳು ಮಂದಿಯಾ?

ಪ್ರಶ್ನೆ: ನನ್ನ ಗೆಳತಿ ಕ್ಯಾಥೊಲಿಕ್. ದೇವದೂತರಲ್ಲಿ ಮುಖ್ಯಸ್ಥರಾದ ಪ್ರಧಾನ ದೂತರು ಮೂವರು ಅಂತಾಳೆ. ನಾನು ಹೋಗುವ ಪ್ರೊಟೆಸ್ಟೆಂಟ್ ಸಭೆಯಲ್ಲಿ ಮಿಕಾಯೇಲ ಒಬ್ಬನೇ ಎಂದು ಕಲಿಸಿದ್ದಾರೆ. ಇಂಟರ್ನೆಟ್‌ನಲ್ಲಿ ಹುಡುಕಿದರೆ ಏಳು ಹೆಸರು ಸಿಗುತ್ತವೆ, ಅದೂ ಒಂದೊಂದು ಕಡೆ ಒಂದೊಂದು ಪಟ್ಟಿ. ಯಾವುದು ಸರಿ? ಅವರಿಗೆ ಪ್ರಾರ್ಥನೆ ಮಾಡಬಹುದಾ?

ಉತ್ತರ: ನಿಮ್ಮ ಸಭೆಯ ಮಾತಿಗೂ ಆಧಾರ ಇದೆ, ಗೆಳತಿಯ ಮಾತಿಗೂ ಇದೆ. ನಿಮ್ಮಿಬ್ಬರ ಕೈಯಲ್ಲಿರುವ ಬೈಬಲ್‌ನಲ್ಲಿ ಇರುವ ಪುಸ್ತಕಗಳೇ ಬೇರೆ ಬೇರೆ, ತೊಡಕು ಶುರುವಾಗುವುದು ಅಲ್ಲಿಂದ.

ಮೊದಲು ಇಬ್ಬರೂ ಒಪ್ಪುವ ಭಾಗ ನೋಡೋಣ. ಹೊಸ ಒಡಂಬಡಿಕೆಯಲ್ಲಿ ಪ್ರಧಾನ ದೂತನ ಮಾತು ಬರುವುದು ಎರಡೇ ಕಡೆ. ಥೆಸಲೋನಿಕದವರಿಗೆ ಪೌಲ ಬರೆದ ಮೊದಲ ಪತ್ರದ 4ನೇ ಅಧ್ಯಾಯದಲ್ಲಿ, ಕರ್ತನು ಇಳಿದು ಬರುವಾಗ ಪ್ರಧಾನ ದೂತನ ಧ್ವನಿ ಕೇಳಿಸುತ್ತದೆ. ಅಲ್ಲಿ ಹೆಸರಿಲ್ಲ. ಯೂದನ ಪತ್ರದ 9ನೇ ವಚನದಲ್ಲಿ ಮಾತ್ರ ಹೆಸರಿದೆ: ಮಿಕಾಯೇಲ. ನಿಮ್ಮ ಸಭೆಯವರು ಹಿಡಿದಿರುವುದು ಇದನ್ನೇ.

ಗಬ್ರಿಯೇಲನನ್ನು ಬೈಬಲ್ ಎಲ್ಲಿಯೂ ಪ್ರಧಾನ ದೂತ ಎಂದು ಕರೆದಿಲ್ಲ. ತುಂಬಾ ಜನ ಇದನ್ನು ನಂಬುವುದೇ ಇಲ್ಲ, ಪುಸ್ತಕ ತೆರೆದು ಹುಡುಕುತ್ತಾರೆ. ಸ್ನಾನಿಕ ಯೋಹಾನ ಹುಟ್ಟುವನೆಂದು ಅವನ ತಂದೆ ಜಕರೀಯನಿಗೂ, ಯೇಸು ಹುಟ್ಟುವನೆಂದು ಮರಿಯಳಿಗೂ ಸುದ್ದಿ ತಂದವನು ಅವನು. ದೇವರ ಸನ್ನಿಧಿಯಲ್ಲಿ ನಿಲ್ಲುವವನು ನಾನು ಎಂದು ಲೂಕನ ಸುವಾರ್ತೆಯಲ್ಲಿ ತಾನೇ ಹೇಳಿಕೊಳ್ಳುತ್ತಾನೆ. ಪಟ್ಟ ಕಟ್ಟಿದ್ದು ಮಾತ್ರ ಸಭೆಯ ಪರಂಪರೆ.

ಮೂರನೆಯವನು ರಫಾಯೇಲ. ಅವನ ಕಥೆ ಇರುವುದು ತೋಬಿತನ ಗ್ರಂಥದಲ್ಲಿ. ಇದು ಕ್ಯಾಥೊಲಿಕ್ ಮತ್ತು ಆರ್ಥೊಡಾಕ್ಸ್ ಬೈಬಲ್‌ಗಳಲ್ಲಿದೆ. ಪ್ರೊಟೆಸ್ಟೆಂಟರು ಇದನ್ನು ಧರ್ಮಗ್ರಂಥವೆಂದು ಎಣಿಸುವುದಿಲ್ಲ. ಎಣಿಸದಿದ್ದರೂ ಒಮ್ಮೆ ಓದಿ, ಅಷ್ಟು ಚೆನ್ನಾಗಿದೆ. ನಿನೆವೆಯಲ್ಲಿ ಸೆರೆಯಾಳಾಗಿ ಬದುಕುವ ತೋಬಿತ ಅಂಗಳದಲ್ಲಿ ಮಲಗಿದ್ದಾಗ ಗುಬ್ಬಿಯ ಹಿಕ್ಕೆ ಕಣ್ಣಿಗೆ ಬಿದ್ದು ಕುರುಡನಾಗುತ್ತಾನೆ. ದೂರದ ಮೇದ್ಯ ದೇಶದಲ್ಲಿ ಇಟ್ಟಿದ್ದ ಬೆಳ್ಳಿಯನ್ನು ತರಲು ಮಗ ತೋಬಿಯನನ್ನು ಕಳಿಸಬೇಕು, ಜೊತೆಗೆ ದಾರಿ ಗೊತ್ತಿರುವ ಒಬ್ಬ ಆಳು ಬೇಕು. ರಫಾಯೇಲ ಬರುವುದು ಆ ಆಳಾಗಿ, ಅಜರ್ಯ ಎಂಬ ಹೆಸರಿನಲ್ಲಿ. ತೋಬಿತ ಅವನ ಮನೆತನ ವಿಚಾರಿಸಿ, ದಿನಕ್ಕೊಂದು ದ್ರಾಕ್ಮಾ ಕೂಲಿ ಗೊತ್ತು ಮಾಡುತ್ತಾನೆ! ಮನೆಯ ನಾಯಿಯೂ ಜೊತೆಗೆ ಹೊರಡುತ್ತದೆ. ಟೈಗ್ರಿಸ್ ನದಿಯಲ್ಲಿ ಹಿಡಿದ ಮೀನಿನ ಪಿತ್ತದಿಂದ ಕೊನೆಗೆ ಮುದುಕನಿಗೆ ಕಣ್ಣು ಬರುತ್ತದೆ. ಕೂಲಿಯ ಜೊತೆಗೆ ತಂದದ್ದರಲ್ಲಿ ಅರ್ಧ ಪಾಲನ್ನೂ ತೆಗೆದುಕೋ ಎಂದಾಗ ಅವನು ಗುಟ್ಟು ಬಿಡುತ್ತಾನೆ: ದೇವರ ಮುಂದೆ ನಿಲ್ಲುವ ಏಳು ದೂತರಲ್ಲಿ ನಾನೂ ಒಬ್ಬ. ನಾನು ಉಂಡಂತೆ ನಿಮಗೆ ಕಂಡಿತು ಅಷ್ಟೇ, ಉಂಡಿಲ್ಲ ಎಂದೂ ಹೇಳುತ್ತಾನೆ.

ಏಳು ಎಂಬ ಲೆಕ್ಕಕ್ಕೆ ಮುಖ್ಯ ಆಧಾರ ಈ ಮಾತೇ. ಆದರೆ ಉಳಿದವರ ಹೆಸರು ಅಲ್ಲಿಲ್ಲ. ಊರಿಯೇಲ, ರಗುವೇಲ ಮೊದಲಾದವು ಹನೋಕನ ಗ್ರಂಥದಂಥ ಹಳೆಯ ಯೆಹೂದಿ ಬರಹಗಳಿಂದ ಬಂದವು. ಇಥಿಯೋಪಿಯದ ಆರ್ಥೊಡಾಕ್ಸ್ ಸಭೆ ಹನೋಕನ ಗ್ರಂಥವನ್ನು ಬೈಬಲ್‌ನಲ್ಲೇ ಇಟ್ಟುಕೊಂಡಿದೆ. ಬೇರೆ ಹೆಚ್ಚಿನ ಸಭೆಗಳು ಇಟ್ಟುಕೊಂಡಿಲ್ಲ. ಇಂಟರ್ನೆಟ್ ಪಟ್ಟಿಗಳು ಒಂದಕ್ಕೊಂದು ಹೊಂದದಿರುವುದು ಇದಕ್ಕೇ. ಒಬ್ಬರು ಒಂದು ಪುಸ್ತಕದಿಂದ ಹೆಕ್ಕಿದ್ದಾರೆ, ಇನ್ನೊಬ್ಬರು ಇನ್ನೊಂದರಿಂದ. ವಾರದ ದಿನಕ್ಕೊಬ್ಬ, ಬಣ್ಣಕ್ಕೊಬ್ಬ ದೂತ ಎಂದು ಹಂಚಿದ ಪಟ್ಟಿ ಸಿಕ್ಕಿದರೆ ಸುಮ್ನೆ ಬಿಟ್ಟುಬಿಡಿ, ಅದಕ್ಕೂ ಬೈಬಲ್‌ಗೂ ಸಂಬಂಧವಿಲ್ಲ.

ರೋಮ್‌ಗೂ ಈ ಹೆಸರುಗಳ ಹಾವಳಿ ಹೊಸದಲ್ಲ. ಆಡಲ್ಬರ್ಟ್ ಎಂಬ ಬೋಧಕ ಎಂಟು ದೂತರ ಹೆಸರು ಹಿಡಿದು ಪ್ರಾರ್ಥನೆ ಬರೆದಿದ್ದ. 745ರಲ್ಲಿ ಪೋಪ್ ಜಕರಿ ಸೇರಿಸಿದ ಸಭೆ ಅದನ್ನು ಖಂಡಿಸಿತು. ಮಿಕಾಯೇಲ, ಗಬ್ರಿಯೇಲ, ರಫಾಯೇಲ, ಈ ಮೂರು ಹೆಸರು ಸಾಕು ಎಂದಿತು. ದೂತರಿಗೆ ಬೇರೆ ಹೆಸರಿಡಬೇಡಿ ಎಂದು ವ್ಯಾಟಿಕನ್ 2001ರಲ್ಲೂ ಹೇಳಿದೆ. ನಿಮ್ಮ ಗೆಳತಿಯ ಮೂರರ ಲೆಕ್ಕ ಇದು. ಕ್ಯಾಥೊಲಿಕ್ ಸಭೆಯಲ್ಲಿ ಮೂವರಿಗೂ ಸೇರಿ ಸೆಪ್ಟೆಂಬರ್ 29ರಂದು ಹಬ್ಬ.

ಇನ್ನು ಪ್ರಾರ್ಥನೆ. ಕ್ಯಾಥೊಲಿಕರೂ ಆರ್ಥೊಡಾಕ್ಸರೂ ದೂತರನ್ನು ಆರಾಧಿಸುವುದಿಲ್ಲ, ನಮಗಾಗಿ ಬೇಡಿಕೊಳ್ಳಿ ಎಂದು ಕೇಳುತ್ತಾರೆ. ಪ್ರೊಟೆಸ್ಟೆಂಟರಲ್ಲಿ ಹೆಚ್ಚಿನವರು ಅದನ್ನೂ ಒಪ್ಪುವುದಿಲ್ಲ, ಕೊಲೊಸ್ಸೆಯವರಿಗೆ ಬರೆದ ಪತ್ರದ 2ನೇ ಅಧ್ಯಾಯ ದೂತರ ಆರಾಧನೆ ಬೇಡ ಎನ್ನುವುದನ್ನು ತೋರಿಸುತ್ತಾರೆ. ಈ ಜಗಳವನ್ನು ನಾನು ಇಲ್ಲಿ ತೀರಿಸಲಾರೆ. ಆದರೆ ಎರಡೂ ಕಡೆಯವರು ಯೂದನ ಆ 9ನೇ ವಚನವನ್ನು ಪೂರ್ತಿ ಓದಬೇಕು ಅನ್ನುತ್ತೇನೆ. ಮೋಶೆಯ ಶವದ ವಿಷಯದಲ್ಲಿ ಸೈತಾನನೊಡನೆ ವಾಗ್ವಾದ ನಡೆಯುತ್ತಿದೆ. ಎದುರಿಗಿರುವವನು ಮಿಕಾಯೇಲ, ಪ್ರಕಟನೆ ಗ್ರಂಥದಲ್ಲಿ ಘಟಸರ್ಪದ ವಿರುದ್ಧ ಸೈನ್ಯ ನಡೆಸುವವನು. ಅಂಥವನೂ ತನ್ನ ಬಾಯಿಂದ ತೀರ್ಪು ಕೊಡಲು ಹೋಗುವುದಿಲ್ಲ. ‘ಕರ್ತನೇ ನಿನ್ನನ್ನು ಗದರಿಸಲಿ’ ಎನ್ನುತ್ತಾನೆ. ರಫಾಯೇಲನೂ ಹಾಗೇ, ಕೃತಜ್ಞತೆ ಸಲ್ಲಬೇಕಾದ್ದು ದೇವರಿಗೆ ಎಂದು ಹೇಳಿ ಹೊರಟುಬಿಡುತ್ತಾನೆ. ಪ್ರಕಟನೆಯ ಕೊನೆಯ ಅಧ್ಯಾಯದಲ್ಲಿ ಯೋಹಾನ ದೂತನೊಬ್ಬನ ಕಾಲಿಗೆ ಬಿದ್ದಾಗ, ಬೇಡ, ನಾನೂ ನಿನ್ನ ಹಾಗೆ ಸೇವಕ ಎಂಬ ಉತ್ತರ ಬರುತ್ತದೆ. ಅವರ ಸಂಖ್ಯೆಗಿಂತ ಈ ನಡತೆಯ ಬಗ್ಗೆ ಬೈಬಲ್ ಜಾಸ್ತಿ ಹೇಳುತ್ತದೆ.

ಪ್ರಶ್ನೆ: ಮಿಕಾಯೇಲ ಅಂದರೆ ಯೇಸುವೇ ಅಂತ ಮನೆಗೆ ಬಂದವರೊಬ್ಬರು ವಾದಿಸಿದರು. ಹೌದಾ?

ಉತ್ತರ: ಬಂದವರು ಯೆಹೋವನ ಸಾಕ್ಷಿಗಳಿರಬಹುದು, ಅವರ ಬೋಧನೆ ಅದು. ಥೆಸಲೋನಿಕದ ಪತ್ರದಲ್ಲಿ ಕರ್ತನು ಪ್ರಧಾನ ದೂತನ ಧ್ವನಿಯೊಡನೆ ಬರುತ್ತಾನಲ್ಲ, ಆದ್ದರಿಂದ ಇಬ್ಬರೂ ಒಬ್ಬನೇ ಎನ್ನುತ್ತಾರೆ. ಸೆವೆಂತ್ ಡೇ ಅಡ್ವೆಂಟಿಸ್ಟರೂ ಮಿಕಾಯೇಲನನ್ನು ಕ್ರಿಸ್ತನೆಂದೇ ನಂಬುತ್ತಾರೆ. ಆದರೆ ಯೆಹೋವನ ಸಾಕ್ಷಿಗಳು ಕ್ರಿಸ್ತನನ್ನು ದೇವರು ಸೃಷ್ಟಿಸಿದವನು ಎನ್ನುತ್ತಾರೆ, ಅಡ್ವೆಂಟಿಸ್ಟರ ಪ್ರಕಾರ ಅವನು ಸೃಷ್ಟಿಯಾದವನಲ್ಲ, ದೇವರೇ. ಉಳಿದ ಮುಖ್ಯ ಸಭೆಗಳು ಈ ಓದನ್ನು ಒಪ್ಪುವುದಿಲ್ಲ. ದಾನಿಯೇಲನ 10ನೇ ಅಧ್ಯಾಯದಲ್ಲಿ ಮಿಕಾಯೇಲ ಪ್ರಧಾನ ಅಧಿಪತಿಗಳಲ್ಲಿ ‘ಒಬ್ಬ’. ಇಬ್ರಿಯರಿಗೆ ಬರೆದ ಪತ್ರದ ಮೊದಲ ಅಧ್ಯಾಯವಂತೂ ನೇರವಾಗಿ ಕೇಳುತ್ತದೆ: ನೀನು ನನ್ನ ಮಗನು ಎಂದು ದೇವರು ಯಾವ ದೂತನಿಗೆ ಹೇಳಿದ್ದಾನೆ? ಮುಂದಿನ ಸಲ ನಿಮ್ಮ ಮನೆಗೆ ಅವರು ಬಂದಾಗ ಆ ಅಧ್ಯಾಯವನ್ನೇ ಜೊತೆಗೆ ಕೂತು ಓದಿ.