ಬಚ್ಚಲ ಬಾಗಿಲು ಎಷ್ಟು ಇಂಚು?

ಓದುಗರ ಪ್ರಶ್ನೆ, ನಮ್ಮ ಉತ್ತರ

ವೀಲ್‌ಚೇರ್ ಬಳಸುವವರನ್ನು ಕರೆದುಕೊಂಡು ಉತ್ತರ ಕನ್ನಡದ ಕರಾವಳಿಗೆ, ಘಟ್ಟದ ಮೇಲಿನ ಊರುಗಳಿಗೆ ಬಂದರೆ ಎಲ್ಲಿ, ಹೇಗೆ ಉಳಿಯಬೇಕು ಎಂದು ಹಲವರು ಕೇಳಿದ್ದಾರೆ. ಹೋಂಸ್ಟೇ ನಡೆಸುವವರೂ ಬರೆದಿದ್ದಾರೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಅಪ್ಪನಿಗೆ ಪಾರ್ಶ್ವವಾಯು ಆಗಿ ಎಡಭಾಗ ಸ್ವಾಧೀನದಲ್ಲಿಲ್ಲ. ಗೋಕರ್ಣ, ಮುರ್ಡೇಶ್ವರ ತೋರಿಸಬೇಕೆಂಬ ಆಸೆ. ಯಾವ ಲಾಡ್ಜಿಗೆ ಫೋನ್ ಮಾಡಿದರೂ ‘ಲಿಫ್ಟ್ ಇದೆ, ಏನೂ ತೊಂದರೆ ಇಲ್ಲ, ಬನ್ನಿ’ ಎನ್ನುತ್ತಾರೆ. ನಂಬಬಹುದೆ?
– ಓದುಗರು, ದಾವಣಗೆರೆ

ಲಿಫ್ಟ್ ಇರುವುದು ನಿಜವೇ ಇರಬಹುದು. ಆದರೆ ನಿಮ್ಮ ಪ್ರವಾಸ ಕೆಡುವುದು ಲಿಫ್ಟಿನಲ್ಲಲ್ಲ, ಕೋಣೆ ಸೇರಿದ ಮೇಲೆ ಬಚ್ಚಲ ಬಾಗಿಲಲ್ಲಿ. ಆದ್ದರಿಂದ ‘ಸೌಲಭ್ಯ ಇದೆಯೆ’ ಎಂದು ಕೇಳುವುದನ್ನು ಬಿಟ್ಟು ಅಳತೆ ಕೇಳಿ.

ಬಚ್ಚಲಿಗೆ ಸಾಮಾನ್ಯವಾಗಿ ಇಡುವುದು ‘ಎರಡೂವರೆ ಅಡಿ ಬಾಗಿಲು’. ಆ 30 ಇಂಚು ಚೌಕಟ್ಟಿನ ಹೊರ ಅಳತೆ. ಎರಡೂ ಬದಿಯ ಮರ ಕಳೆದರೆ 25–26 ಇಂಚು ಉಳಿಯುತ್ತದೆ. ಕದ ನೇರವಾಗಿ ತೆರೆದು ನಿಂತಾಗ ಅದರ ದಪ್ಪ ಇನ್ನೊಂದು ಇಂಚು ತಿನ್ನುತ್ತದೆ. ನಮ್ಮಲ್ಲಿ ಸಿಗುವ ಮಡಚುವ ವೀಲ್‌ಚೇರ್, ಕೈಯಿಂದ ತಿರುಗಿಸುವ ಬಳೆಯೂ ಸೇರಿ, 24ರಿಂದ 26 ಇಂಚು ಅಗಲ. ಒಳಗೆ ಹೋಗುವುದಿಲ್ಲ, ಹೋದರೂ ಬೆರಳು ಜಜ್ಜುತ್ತದೆ. ಕಟ್ಟಡಗಳು ಅಂಗವಿಕಲರಿಗೂ ಅನುಕೂಲವಾಗಿರಲು ಕೇಂದ್ರ ಸರ್ಕಾರ ಹೊರಡಿಸಿದ 2021ರ ಮಾರ್ಗಸೂಚಿ ಹೇಳುವ ತೆರವು 900 ಮಿ.ಮೀ., ಅಂದರೆ 3 ಅಡಿಗೆ ಅರ್ಧ ಇಂಚು ಕಮ್ಮಿ. 32 ಇಂಚು ಸಿಕ್ಕರೆ ನಿಶ್ಚಿಂತೆ. 28 ಇದ್ದರೆ, ತಿರುವಿಲ್ಲದೆ ನೇರವಾಗಿ ನುಗ್ಗುವಂತಿದ್ದರೆ, ಸಾಕಾಗುತ್ತದೆ. ಮೊದಲು ನಿಮ್ಮ ಕುರ್ಚಿಯನ್ನು ಅಳೆದುಕೊಂಡು ಆಮೇಲೆ ಫೋನ್ ಮಾಡಿ.

ಅಪ್ಪನ ವಿಷಯದಲ್ಲಿ ಇನ್ನೊಂದು ಮಾತು ಬಹಳ ಮುಖ್ಯ, ಇದನ್ನು ಯಾರೂ ಕೇಳುವುದಿಲ್ಲ: ಕಮೋಡಿನ ಯಾವ ಬದಿಗೆ ಗೋಡೆ ಇದೆ? ಅವರಿಗೆ ಬಲಗೈ, ಬಲಗಾಲಲ್ಲೇ ಶಕ್ತಿ. ಕಮೋಡಿನ ಮೇಲೆ ಕೂತಾಗ ಬಲಬದಿಗೆ ಗೋಡೆ, ಗೋಡೆಗೆ ಹಿಡಿಕೆ, ಎಡಬದಿಗೆ ಕುರ್ಚಿ ನಿಲ್ಲುವಷ್ಟು ತೆರವು ಇರಬೇಕು. ಆಗ ಅವರು ಕುರ್ಚಿಯಿಂದ ತಮ್ಮ ಬಲಕ್ಕೆ ಸರಿದು ಕೂರುತ್ತಾರೆ. ವಾಪಸ್ ಬರುವಾಗ ದುರ್ಬಲ ಬದಿಗೆ ಸರಿಯಬೇಕಾಗುವುದರಿಂದ ಎಡಗಡೆ ನೀವು ನಿಂತು ಮೊಣಕಾಲಿಗೆ ಆಸರೆ ಕೊಡಿ; ಬೀಳುವುದು ಹೆಚ್ಚಾಗಿ ಆ ಹೊತ್ತಿನಲ್ಲೇ. ಗೋಡೆ ತಿರುಗಾಮುರುಗಾ ಇದ್ದರೆ ಹೊಚ್ಚ ಹೊಸ ಹೋಟೆಲಾದರೂ ಅವರಿಗೆ ಉಪಯೋಗವಿಲ್ಲ. ಅದೇ ಲಾಡ್ಜಿನ ಎದುರು ಸಾಲಿನ ಕೋಣೆಯಲ್ಲಿ ಬಚ್ಚಲು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಇರುವುದುಂಟು, ಕೇಳಿ ನೋಡಿ.

ಲಿಫ್ಟ್ ಇದೆ ಎಂದರೆ ಎಷ್ಟು ಜನರದ್ದು ಎಂದು ಕೇಳಿ, ಒಳಗಿನ ಫಲಕದಲ್ಲಿ ಬರೆದಿರುತ್ತದೆ. ಆರು ಜನರ ಲಿಫ್ಟಿನ ಒಳ ಆಳ ಸಾಮಾನ್ಯವಾಗಿ 1000 ಮಿ.ಮೀ. ಪಾದದ ಹಲಗೆ ಸೇರಿ ವೀಲ್‌ಚೇರ್ ಸುಮಾರು 42 ಇಂಚು, ಅಂದರೆ 1070 ಮಿ.ಮೀ. ಉದ್ದ, ಪಾದದ ಹಲಗೆ ಬಿಚ್ಚದೆ ಬಾಗಿಲು ಮುಚ್ಚುವುದಿಲ್ಲ. ಎಂಟು ಜನರದ್ದು 1100 ಆಳ, ಕೂದಲೆಳೆಯಲ್ಲಿ ಆಗುತ್ತದೆ. ಮಳೆಗಾಲದಲ್ಲಿ ಕರೆಂಟು ನಂಬುವ ಹಾಗಿಲ್ಲ, ಆದಷ್ಟು ನೆಲ ಅಂತಸ್ತಿನ ಕೋಣೆಯನ್ನೇ ಹಿಡಿಯಿರಿ.

ರ‍್ಯಾಂಪಿಗೆ ಸುಲಭ ಲೆಕ್ಕವಿದೆ. ಎತ್ತರ ಎಷ್ಟು ಇಂಚೋ ಇಳಿಜಾರಿನ ಉದ್ದ ಅಷ್ಟು ಅಡಿ. ಆರಾರು ಇಂಚಿನ ಮೂರು ಮೆಟ್ಟಿಲಿದ್ದರೆ 18 ಅಡಿ ಬೇಕು. ಆರೇ ಅಡಿ ಇದೆ ಎಂದರೆ ಅದು ಲಗೇಜ್ ಗಾಡಿಗೆ ಮಾಡಿದ್ದು. ಅಂಥದ್ದರಲ್ಲಿ ಇಳಿಸುವಾಗ ನೀವು ಕೆಳಗಡೆ ನಿಂತು ಕುರ್ಚಿಯನ್ನು ಹಿಂದುಮುಂದಾಗಿ ಇಳಿಸಿ. ಮುಖ ಮುಂದೆ ಮಾಡಿ ಇಳಿಸಿದರೆ ಕೂತವರು ಜಾರಿ ಮುಗ್ಗರಿಸುತ್ತಾರೆ.

ಕಡೆಗೆ, ಕಾರು ನಿಲ್ಲುವ ಜಾಗದಿಂದ ಕಮೋಡಿನವರೆಗೆ ನಡೆಯುತ್ತ ಒಂದೇ ವಿಡಿಯೋ ಮಾಡಿ ವಾಟ್ಸ್‌ಆ್ಯಪ್ ಮಾಡಲು ಹೇಳಿ, ಬಚ್ಚಲ ಬಾಗಿಲಿಗೆ ಟೇಪು ಹಿಡಿದು ತೋರಿಸಲಿ. ಎರಡು ನಿಮಿಷದ ಕೆಲಸ. ಒಪ್ಪಿಗೆಯಾದರೆ ಆ ಕೋಣೆಯ ನಂಬರನ್ನೇ ಬುಕಿಂಗಿನಲ್ಲಿ ಬರೆಸಿಕೊಳ್ಳಿ. ಇಲ್ಲದಿದ್ದರೆ ನೀವು ತಲುಪುವ ಹೊತ್ತಿಗೆ ಆ ಕೋಣೆಯಲ್ಲಿ ಬೇರೆಯವರು ಇರುತ್ತಾರೆ.

ಶಿರಸಿ ಹತ್ತಿರ ತೋಟದ ನಡುವಿನ ಹಳೇ ಮನೆಯಲ್ಲಿ ಹೋಂಸ್ಟೇ ನಡೆಸುತ್ತಿದ್ದೇವೆ. ಅಂಗಳದಿಂದ ಜಗಲಿಗೆ ಎರಡೂವರೆ ಅಡಿ ಎತ್ತರ, ಬಚ್ಚಲಮನೆ ಹಿಂದುಗಡೆ, ಎರಡು ಮೆಟ್ಟಿಲು ಇಳಿಯಬೇಕು. ಮನೆಯ ಅಂದ ಕೆಡಿಸದೆ ಒಂದು ಕೋಣೆಯನ್ನಾದರೂ ವೀಲ್‌ಚೇರಿನವರಿಗೆ ಅನುಕೂಲ ಮಾಡಬಹುದೆ?
– ಹೋಂಸ್ಟೇ ಮಾಲೀಕರು, ಶಿರಸಿ ತಾಲ್ಲೂಕು

ಖಂಡಿತ ಮಾಡಬಹುದು. ಕೇಳಿದ್ದಕ್ಕೇ ಸಂತೋಷವಾಯಿತು. ಜಗಲಿಯನ್ನು ಮುಟ್ಟಬೇಡಿ. ಮಲೆನಾಡಿನ ಮನೆಗಳು ಇಳಿಜಾರು ನೆಲದಲ್ಲಿರುವುದರಿಂದ ಒಂದು ಪಕ್ಕದಲ್ಲಿ ನೆಲಗಟ್ಟು ತಗ್ಗಿರುತ್ತದೆ. ಒಂದು ಸುತ್ತು ಬಂದು ಎಲ್ಲಿ ಎತ್ತರ ಅತಿ ಕಡಿಮೆಯೋ ಆ ಪಕ್ಕದ ಕೋಣೆಯನ್ನು ಆರಿಸಿ. ಜಗಲಿಯ ಎದುರಿನಿಂದ 30 ಇಂಚಿಗೆ 30 ಅಡಿ ಇಳಿಜಾರು ಬೇಕು, ಜೊತೆಗೆ ಮೇಲೆ ಕೆಳಗೆ ಐದೈದು ಅಡಿ ಸಮತಟ್ಟು. ಪಕ್ಕದಲ್ಲಿ 12 ಇಂಚೇ ಇದ್ದರೆ 12 ಅಡಿಯಲ್ಲಿ ಮುಗಿಯುತ್ತದೆ. ಜಾಗ ಧಾರಾಳವಿದ್ದರೆ ಮಣ್ಣು ತುಂಬಿಸಿ ದಮ್ಮಸು ಮಾಡಿ, 20ಕ್ಕೆ 1ರಂತೆ ನಿಧಾನಕ್ಕೆ ಏರುವ ಕಾಲುದಾರಿಯನ್ನೇ ಮಾಡಿಬಿಡಿ. ಅದು ರ‍್ಯಾಂಪ್ ಅನ್ನಿಸುವುದೇ ಇಲ್ಲ, ಮನೆಯ ಅಜ್ಜ ಅಜ್ಜಿಯೂ ಅದರಲ್ಲೇ ಓಡಾಡುತ್ತಾರೆ.

ಅಗಲ ನಾಲ್ಕು ಅಡಿ. ಎರಡೂ ಅಂಚಿಗೆ ಮೂರು ನಾಲ್ಕು ಇಂಚಿನ ಕಟ್ಟೆ, ಗಾಲಿ ಹೊರಗೆ ಜಾರದಂತೆ. ಮೇಲ್ಮೈಗೆ ಹಸಿ ಕಾಂಕ್ರೀಟಿನ ಮೇಲೆ ಹಿಡಿಕಡ್ಡಿಯಿಂದ ಅಡ್ಡಡ್ಡ ಗೀರು ಎಳೆದರೆ ಸಾಕು. ಚಿರೆಕಲ್ಲು ಹಾಸಬೇಡಿ, ಹೊಸದರಲ್ಲಿ ಒರಟಾಗಿದ್ದರೂ ನೀರು ಕುಡಿದು ಒಂದೇ ಮಳೆಗಾಲಕ್ಕೆ ಹಾವಸೆ ಕಟ್ಟುತ್ತದೆ. ಸೂರಿನ ನೀರು ರ‍್ಯಾಂಪಿನ ಮೇಲೆ ಬೀಳದಂತೆ ದಾರಿಯನ್ನು ಪೂರ್ತಿ ಸೂರಿನಡಿಗೆ ತನ್ನಿ, ಇಲ್ಲವೆ ಪೂರ್ತಿ ಹೊರಗಿಡಿ. ಸೂರಿನ ಹನಿ ಬೀಳುವ ಗೆರೆಯಲ್ಲೇ ಮಾಡಿ ಕೆಡಿಸಿಕೊಂಡವರು ಬಹಳ. ಹಳ್ಳ ದಾಟುವ ಸಂಕಕ್ಕೆ ಹಾಕುವ ಹಾಗೆ ಅಡಿಕೆ ಮರ ಸೀಳಿದ ದಬ್ಬೆ ಇಟ್ಟು ಕುರ್ಚಿ ಹತ್ತಿಸುವುದಂತೂ ಬೇಡವೇ ಬೇಡ: ದಬ್ಬೆ ಬಾಗುತ್ತದೆ, ಒದ್ದೆಯಾದರೆ ಜಾರುತ್ತದೆ, ಮುಂದಿನ ಪುಟ್ಟ ಗಾಲಿ ಎರಡು ದಬ್ಬೆಗಳ ಸಂದಿಗೆ ಇಳಿದು ಸಿಕ್ಕಿಕೊಳ್ಳುತ್ತದೆ.

ಹೊಸ್ತಿಲನ್ನು ಕೊಯ್ಯಬೇಕಿಲ್ಲ. ಮೂರು ಇಂಚಿನ ಹೊಸ್ತಿಲಿಗೆ ಒಳಗೂ ಹೊರಗೂ ಮೂರು ಮೂರು ಅಡಿ ಉದ್ದದ ಇಳಿಜಾರು ಆಪು, 19 ಮಿ.ಮೀ. ಪ್ಲೈವುಡ್ಡಿನಲ್ಲಿ, ಅಡಿಗೆ ಮರದ ಪಟ್ಟಿ ಕೊಟ್ಟು ಮಾಡಿಸಿ. ಅತಿಥಿ ಬಂದಾಗ ಇಡಿ, ಹೋದಮೇಲೆ ತೆಗೆಯಿರಿ.

ಬಚ್ಚಲು ಮಾತ್ರ ಹೊಸತು ಕಟ್ಟಲೇಬೇಕು, ಆ ಕೋಣೆಗೆ ಹೊಂದಿಸಿ. ಒಳ ಅಳತೆ ಏಳು ಅಡಿಗೆ ಏಳೂಕಾಲು ಅಡಿ ಇರಲಿ. ಐದು ಅಡಿ ವ್ಯಾಸದ ವೃತ್ತದಲ್ಲಿ ಕುರ್ಚಿ ತಿರುಗಬೇಕು, ಅದು ಎಲ್ಲ ಅಳತೆಗೂ ಮೂಲ. ಬಾಗಿಲು ಹೊರಕ್ಕೆ ತೆರೆಯಲಿ ಅಥವಾ ಪಕ್ಕಕ್ಕೆ ಜರುಗಲಿ. ಒಳಕ್ಕೆ ತೆರೆಯುವ ಬಾಗಿಲಿನ ಹಿಂದೆ ಯಾರಾದರೂ ಬಿದ್ದರೆ ತೆರೆಯಲು ಬರುವುದಿಲ್ಲ. ಗಾರೆಯವರು ಅಭ್ಯಾಸಬಲದಿಂದ ಬಚ್ಚಲ ನೆಲವನ್ನು ಒಂದೆರಡು ಇಂಚು ತಗ್ಗಿಸಿಬಿಡುತ್ತಾರೆ. ಕಾಂಕ್ರೀಟ್ ಹಾಕುವ ದಿನ ನೀವೇ ನಿಂತು ‘ಕೋಣೆಯ ಮಟ್ಟಕ್ಕೇ ಇರಲಿ, ಬಾಗಿಲಿಂದ ದೂರದ ಗೋಡೆಗೆ 50ಕ್ಕೆ 1 ವಾಟ, ಆ ಗೋಡೆಯ ಬುಡಕ್ಕೆ ಉದ್ದದ ಜಾಲರಿ’ ಎಂದು ಹೇಳಿ. ಈ ಒಂದು ತಪ್ಪನ್ನು ಆಮೇಲೆ ತಿದ್ದಲು ನೆಲವನ್ನೇ ಒಡೆಯಬೇಕಾಗುತ್ತದೆ.

ಕಮೋಡಿನ ನಡುಗೆರೆ ಪಕ್ಕದ ಗೋಡೆಯಿಂದ 18 ಇಂಚು, ಸೀಟಿನ ಎತ್ತರ 18ರಿಂದ 19 ಇಂಚು. ಅಂಗಡಿಯ ಸಾಮಾನ್ಯ ಕಮೋಡು 15–16 ಇಂಚು ಇರುತ್ತದೆ, ಅಡಿಗೆ ಅದರ ಬುಡದಷ್ಟೇ ಅಗಲದ ಕಾಂಕ್ರೀಟ್ ಪೀಠ ಕೊಟ್ಟು ಎತ್ತರಿಸಿ. ಪೀಠ ಹೊರಚಾಚಿದರೆ ಕುರ್ಚಿ ಹತ್ತಿರ ಬರುವುದಿಲ್ಲ. ಹಿಡಿಕೆ ರಾಡು ಒಂದೂವರೆ ಇಂಚು ದಪ್ಪ, ಸೀಟಿನಿಂದ 8 ಇಂಚು ಮೇಲೆ, ಗೋಡೆಗೂ ರಾಡಿಗೂ ನಡುವೆ 2 ಇಂಚು. ನಿಮ್ಮ ಗೋಡೆ ಚಿರೆಕಲ್ಲಿನದಾದರೆ ಇಲ್ಲಿ ಎಚ್ಚರ. ಕಲ್ಲು ಮೆದು, ತೂತುತೂತು. ಪ್ಲಾಸ್ಟಿಕ್ ಪ್ಲಗ್ಗಿಗೆ ಸ್ಕ್ರೂ ಬಿಗಿದರೆ ಹೊರೆ ಬಿದ್ದ ದಿನ ಕಿತ್ತು ಕೈಗೆ ಬರುತ್ತದೆ. ಗೋಡೆಯ ಆಚೆ ಬದಿಗೆ ಕಬ್ಬಿಣದ ತಗಡು ಕೊಟ್ಟು ಆರಪಾರು ಬೋಲ್ಟ್ ಹಾಕಿಸಿ, ಇಲ್ಲವೆ ರಾಸಾಯನಿಕ ಆ್ಯಂಕರ್ (ತೂತಿಗೆ ಅಂಟು ತುಂಬಿ ಕೂರಿಸುವ ಬೋಲ್ಟ್) ಬಳಸಿ. ಬಿಗಿದಮೇಲೆ ಮನೆಯಲ್ಲಿ ಅತಿ ಭಾರದವರು ಜೋತುಬಿದ್ದು ನೋಡಲಿ. ಟವೆಲ್ ರಾಡನ್ನು ಹಿಡಿಕೆ ಎಂದು ತೋರಿಸಬೇಡಿ. (ಕರಾವಳಿಯ ಓದುಗರು ರಾಡು ಕೊಳ್ಳುವಾಗ 316 ದರ್ಜೆಯ ಸ್ಟೀಲ್ ಕೇಳಿ. 304ಕ್ಕೆ ಉಪ್ಪುಗಾಳಿಯಲ್ಲಿ ಕಂದು ಕಲೆ ಬರುತ್ತದೆ.)

ಸ್ನಾನಕ್ಕೆ ಐದು ಅಡಿ ಪೈಪಿನ ಕೈಶವರ್, ಕೂರಲು 18 ಇಂಚು ಎತ್ತರದ ಗಟ್ಟಿ ಪೀಠ. ಹಂಡೆಯ ನೀರನ್ನು ಹೊತ್ತು ತರುವುದು ಅವರಿಂದಾಗದು, ನಲ್ಲಿಯಲ್ಲೇ ಬಿಸಿನೀರು ಬರಬೇಕು. ಗ್ಯಾಸ್ ಗೀಸರ್ ಹಾಕಿಸುವುದಾದರೆ ಬಚ್ಚಲ ಹೊರಗಿನ ಗೋಡೆಗೆ ಹಾಕಿಸಿ, ಒಳಗೆ ಹಾಕಿದರೆ ವಿಷಾನಿಲ ತುಂಬಿ ಜೀವ ಹೋಗುತ್ತದೆ.

ಗೋಡೆ ಏಳುವ ಮೊದಲು ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆದು, ನಿಮ್ಮೂರಲ್ಲಿ ವೀಲ್‌ಚೇರ್ ಬಳಸುವವರೊಬ್ಬರನ್ನು ಕರೆಸಿ ಅದರೊಳಗೆ ತಿರುಗಿ ನೋಡಲು ಹೇಳಿ. ಅವರ ಅರ್ಧ ದಿನಕ್ಕೆ ತಕ್ಕ ಸಂಭಾವನೆ ಕೊಡಿ. ಯಾವ ಇಂಜಿನಿಯರಿಗೂ ಹೊಳೆಯದ್ದನ್ನು ಅವರು ಹತ್ತು ನಿಮಿಷದಲ್ಲಿ ಹೇಳುತ್ತಾರೆ. ಜಾಹೀರಾತಿನಲ್ಲಿ ‘ಅಂಗವಿಕಲ ಸ್ನೇಹಿ’ ಎಂದು ಬರೆಯುವ ಬದಲು ಬಾಗಿಲಿನ ಅಗಲ, ಕಮೋಡಿನ ಎತ್ತರ, ರ‍್ಯಾಂಪಿನ ಉದ್ದ ಬರೆಯಿರಿ.

ಕೋಣೆಗೆ ಬಂದಾಗಿದೆ, ರಾತ್ರಿ ಹತ್ತು ಗಂಟೆ, ಬಚ್ಚಲೊಳಗೆ ವೀಲ್‌ಚೇರ್ ಹೋಗುತ್ತಿಲ್ಲ. ಆಗ ಏನು ಮಾಡಬೇಕು?
– ಓದುಗರು, ಹುಬ್ಬಳ್ಳಿ

ಮೊದಲು ಕದ ಬಿಚ್ಚಿಸಿ. ಬಿಜಾಗರಿಯ ಸ್ಕ್ರೂ ತೆಗೆಯಲು ಕಾಲು ಗಂಟೆ, ಹೋಟೆಲಿನವರಲ್ಲಿ ಸ್ಕ್ರೂಡ್ರೈವರ್ ಇದ್ದೇ ಇರುತ್ತದೆ. ಒಂದರಿಂದ ಒಂದೂವರೆ ಇಂಚು ಸಿಗುತ್ತದೆ. ಮರೆಗೆ ಬೆಡ್‌ಶೀಟ್ ಕಟ್ಟಿ. ಆದರೂ ಆಗದಿದ್ದರೆ ನಾಲ್ಕು ಪುಟ್ಟ ಗಾಲಿಯ ಕಮೋಡ್ ಕುರ್ಚಿ ಬೇಕು, ಅದರ ಅಗಲ ಸುಮಾರು 22 ಇಂಚು. ಕೋಣೆಯಲ್ಲೇ ಅದರ ಮೇಲೆ ಕೂರಿಸಿ, ಬಚ್ಚಲ ಕಮೋಡಿನ ಮೇಲೆ ಹಿಮ್ಮುಖವಾಗಿ ನಿಲ್ಲಿಸಬಹುದು. ಕೊಳ್ಳುವಾಗ ಅಡಿಯ ಚೌಕಟ್ಟು ನೆಲದಿಂದ 17 ಇಂಚಾದರೂ ಮೇಲಿದೆಯೆ ನೋಡಿ, ಇಲ್ಲದಿದ್ದರೆ ಕಮೋಡಿಗೆ ತಾಗಿ ನಿಲ್ಲುತ್ತದೆ. ಪ್ರವಾಸಕ್ಕೆ ಇದನ್ನು ಡಿಕ್ಕಿಯಲ್ಲಿ ಇಟ್ಟುಕೊಂಡೇ ಹೊರಡುವುದು ಒಳ್ಳೆಯದು.

ಬಿಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಎತ್ತುವುದು, ಒದ್ದೆ ಟೈಲ್ಸಿನ ಮೇಲೆ ಅದನ್ನೇ ಎಳೆಯುವುದು ಎರಡೂ ಅಪಾಯ. ಕಾಲುಗಳು ಅಗಲಕ್ಕೆ ಸರಿದು ಕುರ್ಚಿ ಕುಸಿಯುತ್ತದೆ.

ಅಮ್ಮನಿಗೆ ಕಡಲ ಹತ್ತಿರ ಹೋಗಬೇಕೆಂಬ ಆಸೆ. ವೀಲ್‌ಚೇರ್ ಮರಳಲ್ಲಿ ಹೂತುಹೋಗುತ್ತದೆ. ಯಾವ ಕಡಲತೀರ ಅನುಕೂಲ?
– ಓದುಗರು, ಧಾರವಾಡ

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರ ಹೆದ್ದಾರಿ 66ರ ಪಕ್ಕದಲ್ಲೇ ಇದೆ, ಕಾರಿನಿಂದ ಮರಳಿಗೆ ದೂರವಿಲ್ಲ. ಅಲ್ಲಿನ ಯುದ್ಧನೌಕೆಯನ್ನು ಹೊರಗಿನಿಂದ ನೋಡಬಹುದು, ಒಳಗೆ ಹತ್ತಲು ಮೆಟ್ಟಿಲು. ಹೊನ್ನಾವರದ ಹತ್ತಿರದ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಕಡಲತೀರಕ್ಕೆ ಕೊಡುವ ಅಂತರರಾಷ್ಟ್ರೀಯ) ಮನ್ನಣೆ ಸಿಕ್ಕಿದೆ. ಆ ಮನ್ನಣೆಯ ಮಾನದಂಡದಲ್ಲಿ ಅಂಗವಿಕಲರ ಪ್ರವೇಶವೂ ಸೇರಿದೆ. ಗೋಕರ್ಣದ ಓಂ ಬೀಚಿಗೆ ಮೆಟ್ಟಿಲಿಳಿದು ಹೋಗಬೇಕು, ಮೇಲಿನಿಂದಲೇ ನೋಡಿ.

ಇಳಿತದ ಹೊತ್ತಿಗೆ ಹೋಗಿ, ಆಗ ಒದ್ದೆ ಮರಳು ಗಟ್ಟಿಯಾಗಿರುತ್ತದೆ. ದಿನಕ್ಕೆ ಎರಡು ಇಳಿತ, ಪ್ರತಿದಿನ ಸುಮಾರು 50 ನಿಮಿಷ ತಡ. ಯಾವ ಮೀನುಗಾರರನ್ನು ಕೇಳಿದರೂ ಹೇಳುತ್ತಾರೆ. ಒಣ ಮರಳಲ್ಲಿ ಕುರ್ಚಿಯನ್ನು ತಳ್ಳಬೇಡಿ, ಮುಂದಿನ ಪುಟ್ಟ ಗಾಲಿ ಹೂಳುತ್ತದೆ. ಹಿಂದಕ್ಕೆ ವಾಲಿಸಿ, ಮುಂದಿನ ಗಾಲಿ ಎತ್ತಿ, ಹಿಮ್ಮುಖವಾಗಿ ಎಳೆಯಿರಿ. ಮೂರು ಅಡಿ ಅಗಲದ ನಾರಿನ ಚಾಪೆ ಎರಡಿದ್ದರೆ ಒಂದನ್ನು ದಾಟಿದಮೇಲೆ ಅದನ್ನೇ ಎತ್ತಿ ಮುಂದೆ ಹಾಸುತ್ತ ಹೋಗಬಹುದು. ತೆರೆ ಮುಟ್ಟುವ ಜಾಗದಲ್ಲಿ ಕುರ್ಚಿ ನಿಲ್ಲಿಸಲೇಬೇಡಿ. ಹಿಂದೆ ಸರಿಯುವ ನೀರು ಗಾಲಿಯಡಿಯ ಮರಳನ್ನು ಕೊರೆದು ಒಂದು ಬದಿಗೆ ಉರುಳಿಸುತ್ತದೆ.

ಕೋಣೆಗೆ ಬಂದ ಕೂಡಲೇ ಸಿಹಿನೀರಲ್ಲಿ ತೊಳೆದು, ಒರೆಸಿ, ಒಣಗಿದ ಮೇಲೆ ಅಚ್ಚಿಗೆ ತೆಳು ಎಣ್ಣೆ ಬಿಡಿ. ಮರುದಿನಕ್ಕೆ ಬಿಟ್ಟರೆ ಪುಟ್ಟ ಗಾಲಿಯ ಬೇರಿಂಗ್ ಕಿರುಗುಟ್ಟಲು ಶುರುವಾಗುತ್ತದೆ.

ವೀಲ್‌ಚೇರ್ ಕಂಡು ಕೋಣೆ ಇಲ್ಲ ಎಂದರೆ ದೂರು ಎಲ್ಲಿ?
– ಓದುಗರು, ಅಂಕೋಲಾ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತಾರತಮ್ಯವನ್ನು ನಿಷೇಧಿಸುತ್ತದೆ. ಸಾರ್ವಜನಿಕರು ಬಳಸುವ ಖಾಸಗಿ ಕಟ್ಟಡವೂ ಅದರ ವ್ಯಾಪ್ತಿಗೆ ಬರುತ್ತದೆ. ಮೊದಲ ಉಲ್ಲಂಘನೆಗೆ 10,000 ರೂಪಾಯಿವರೆಗೆ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷದವರೆಗೆ ದಂಡ. ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಬರೆಯಿರಿ, ದಿನಾಂಕ, ಹೊತ್ತು, ಮಾತನಾಡಿದವರ ಹುದ್ದೆ, ಬುಕಿಂಗ್ ಸಂದೇಶದ ಪ್ರತಿ ಇಡಿ. ಬಾಗಿಲು, ರ‍್ಯಾಂಪಿನ ಅಳತೆಗಳು ಬರೀ ಶಿಫಾರಸಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಹೇಳಿದೆ, ಅದನ್ನೂ ಉಲ್ಲೇಖಿಸಿ.

ರೈಲಿನಲ್ಲಿ ಬರುವುದೋ, ಕಾರಿನಲ್ಲೋ?
– ಓದುಗರು, ಬೆಂಗಳೂರು

ಕಾರವಾರದವರೆಗೆ ಬರುವುದಾದರೆ ರೈಲು ಆರಾಮ. ಆದರೆ ಗೋಕರ್ಣ ರೋಡ್, ಮುರ್ಡೇಶ್ವರದಂಥ ನಿಲ್ದಾಣಗಳಲ್ಲಿ ಬಹಳಷ್ಟು ರೈಲು ನಿಲ್ಲುವುದು ಎರಡೇ ನಿಮಿಷ. ಹಿಂದಿನ ನಿಲ್ದಾಣ ಬಿಟ್ಟ ಕೂಡಲೇ ಬಾಗಿಲ ಬಳಿ ಬಂದು ಸಿದ್ಧರಾಗಿ, ಮೊದಲು ಕುರ್ಚಿ ಇಳಿಸಿ ಬ್ರೇಕ್ ಹಾಕಿ, ಆಮೇಲೆ ಕೂರುವವರನ್ನು ಇಳಿಸಿ. ಸಹಾಯಕ್ಕೆ ರೈಲ್ವೆ ಸಹಾಯವಾಣಿ 139ಕ್ಕೆ ಮೊದಲೇ ಕರೆ ಮಾಡಿ. ಶಿರಸಿಗೆ ರೈಲಿಲ್ಲ, ಕುಮಟಾದಲ್ಲಿ ಇಳಿದರೆ ದೇವಿಮನೆ ಘಟ್ಟ ಹತ್ತಬೇಕು.

ಟ್ಯಾಕ್ಸಿ ಹೇಳುವಾಗ ಎರಡು ಮಾತು ಕೇಳಿ. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇದೆಯೆ? ಇದ್ದರೆ ಮಡಚಿದ ಕುರ್ಚಿಯೂ ಹಿಡಿಸುವುದಿಲ್ಲ. ಸೀಟು ಎಷ್ಟು ಎತ್ತರ? ವೀಲ್‌ಚೇರಿನ ಸೀಟು 19–20 ಇಂಚು. ಸಾಮಾನ್ಯ ಕಾರಿಗೆ ಸರಿಯುವುದು ಸಲೀಸು, ಎತ್ತರದ ಜೀಪಿನಂಥ ಗಾಡಿಗೆ ಕೂರಿಸಲು ಇಬ್ಬರು ಎತ್ತಬೇಕಾಗುತ್ತದೆ.