ಬೆಳಗಾವಿಯ ಸಾಂಬ್ರಾದಿಂದ ಲೇಹ್‌ಗೆ ನೇರ ಹಾರಿದರೆ ಎಷ್ಟು ದೂರ, ಎಷ್ಟು ಹೊತ್ತು?

ರಸ್ತೆಯ ಕಿಲೋಮೀಟರ್ ಇಲ್ಲಿ ಕೆಲಸಕ್ಕೆ ಬರಲ್ಲ. ಎರಡೂ ವಿಮಾನ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ಸಾಕು.

ಸಾಂಬ್ರಾ ಸುಮಾರು 15.86 ಉತ್ತರ, 74.62 ಪೂರ್ವ. ಲೇಹ್ 34.14 ಉತ್ತರ, 77.55 ಪೂರ್ವ. ಅಕ್ಷಾಂಶದ ಒಂದು ಡಿಗ್ರಿ ಎಂದರೆ ಸುಮಾರು 111 ಕಿ.ಮೀ., ಹಾಗಾಗಿ ಉತ್ತರಕ್ಕೆ 18.28 ಡಿಗ್ರಿ ಅಂದರೆ 2,030 ಕಿ.ಮೀ. ಆಯಿತು. ರೇಖಾಂಶದಲ್ಲಿ ಮಾತ್ರ ಹುಷಾರು! ಧ್ರುವದ ಕಡೆ ಹೋದಂತೆ ರೇಖೆಗಳು ಹತ್ತಿರ ಬರುತ್ತವೆ, ಅದಕ್ಕೆ 2.93 ಡಿಗ್ರಿಯನ್ನು 111ರಿಂದ ಗುಣಿಸಿ, ಮತ್ತೆ ನಡುವಿನ ಅಕ್ಷಾಂಶವಾದ 25 ಡಿಗ್ರಿಯ ಕೊಸೈನ್ 0.906ರಿಂದ ಗುಣಿಸಬೇಕು. 295 ಕಿ.ಮೀ. ಬರುತ್ತದೆ. ಇನ್ನು ಶಾಲೆಯ ಪೈಥಾಗೊರಸ್ ಅಷ್ಟೇ: ಸುಮಾರು 2,050 ಕಿ.ಮೀ.

ನಂಬಿಕೆ ಬರಲಿಲ್ವಾ? ಮನೆಯಲ್ಲಿ ಗ್ಲೋಬ್ ಇದ್ದರೆ ದಾರ ಹಿಡಿದು ನೋಡಿ. ಸುತ್ತಳತೆ 96 ಸೆಂ.ಮೀ. ಇದ್ದರೆ ಎರಡೂ ಊರಿನ ನಡುವೆ ದಾರ 5 ಸೆಂ.ಮೀ.ಗೆ ತುಸು ಕಡಿಮೆ ಬರುತ್ತದೆ. ಖಂಡ ದಾಟುವ ದೂರಕ್ಕೆ ಮೇಲಿನ ಲೆಕ್ಕಕ್ಕಿಂತ ಈ ದಾರವೇ ವಾಸಿ.

ಸಮಯಕ್ಕೆ, ಜೆಟ್ ಆದರೆ ಗಂಟೆಗೆ 800 ಕಿ.ಮೀ. ಹಿಡಿಯಿರಿ. ಎರಡೂವರೆ ಗಂಟೆ ಚಿಲ್ಲರೆ. ಏರೋದು, ಇಳಿಯೋದು, ರನ್‌ವೇಗೆ ಓಡಾಡೋದು ಅಂತ ಅರ್ಧ ಗಂಟೆ ಸೇರಿಸಿದರೆ ಸುಮಾರು 3 ಗಂಟೆ. ಎಟಿಆರ್‌ನಂಥ ಪ್ರೊಪೆಲರ್ ವಿಮಾನಕ್ಕೆ ಗಂಟೆಗೆ 500 ಸಾಕು. ಬೆಳಗಾವಿ–ಬೆಂಗಳೂರು ನೇರ 445 ಕಿ.ಮೀ. ಇದ್ದರೂ ಒಂದೂಕಾಲು ಗಂಟೆಯ ಆಸುಪಾಸು ಹಿಡಿಯೋದು ಇದಕ್ಕೇ. ವಿಮಾನ ಬದಲಿಸುವುದಿದ್ದರೆ ಪ್ರತಿ ತುಂಡನ್ನೂ ಬೇರೆ ಬೇರೆ ಲೆಕ್ಕ ಹಾಕಿ, ಕಾಯುವ ಹೊತ್ತನ್ನೂ ಕೂಡಿಸಿ.